ಸಮುದ್ರವೂ ಬಯಲುಸೀಮೆಯೂ: ಸಾಗರವಿಜ್ಞಾನಿ ಸುಲೋಚನಾ ಗಾಡ್ಗೀಳರ ಜೀವನ ಮತ್ತು ಸಂಶೋಧನೆ

೧. ಒಂದು ಪ್ರಶ್ನೆ

ಸಖರಾಯಪಟ್ಟಣದಿಂದ ಸಮುದ್ರವು ಕಾಣುವುದಿಲ್ಲ. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಅದರಾಚೆ ಮಲೆನಾಡು, ಮಲೆನಾಡಿನಾಚೆ ಘಟ್ಟ, ಘಟ್ಟದ ಕೆಳಗೆ ಕರಾವಳಿ. ಇಂತಹ ಊರಿನ ಹೆಸರಿನಿಂದ ಸಾಗರವಿಜ್ಞಾನಿಯೊಬ್ಬರ ಜೀವನವೃತ್ತಾಂತವನ್ನು ಆರಂಭಿಸುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದುದರಿಂದ ಈ ಲೇಖನವು ಹುಟ್ಟಿದ ಸಂದರ್ಭವನ್ನು ಮೊದಲು ನಿವೇದಿಸುತ್ತೇವೆ.

ಶಾಸನ ಮತ್ತು ಕೆರೆಗಳ ಅಧ್ಯಯನಕ್ಕಾಗಿ ವಿದ್ಯಾರ್ಥಿಗಳೊಡನೆ ಸಖರಾಯಪಟ್ಟಣದ ಕಡೆಗೆ ಹೋಗಿದ್ದಾಗ ನಾವು ಅಯ್ಯನಕೆರೆಯ ಏರಿಯ ಮೇಲೆ ನಿಂತಿದ್ದೆವು. ಶಕುನಗಿರಿಯ ತಪ್ಪಲಿನ ಈ ಕೆರೆಯನ್ನು ಸ್ಥಳೀಯ ಅರಸನಾದ ರುಕ್ಮಾಂಗದರಾಯನು ಕಟ್ಟಿಸಿದನೆಂಬ ಪ್ರತೀತಿಯನ್ನೂ, ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿ ಅದು ಜೀರ್ಣೋದ್ಧಾರಗೊಂಡ ಸಂಗತಿಯನ್ನೂ ವಿವರಿಸಿದೆವು. ಆಗ ವಿದ್ಯಾರ್ಥಿಯೊಬ್ಬನು, “ಕೆರೆ ಕಟ್ಟಿಸಿದವರ ಹೆಸರನ್ನು ಹೇಳಿದಿರಿ, ನೀರು ಎಲ್ಲಿಂದ ಬಂತೆಂಬುದನ್ನು ಹೇಳಲಿಲ್ಲವಲ್ಲ, ಸಾರ್?” ಎಂದು ಕೇಳಿದನು. ಗೌರಿಹಳ್ಳದಿಂದ ಎಂದೆವು. ಹಳ್ಳಕ್ಕೆ? ಗಿರಿಯಿಂದ. ಗಿರಿಗೆ? ಮುಂಗಾರಿನಿಂದ. “ಮುಂಗಾರು ಒಂದು ವರ್ಷ ಬಂದು ಒಂದು ವರ್ಷ ಬಾರದಿರುವುದೇಕೆ?” ಎಂಬ ಮುಂದಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕಡೂರು ಸೀಮೆಯ ಇತಿಹಾಸವನ್ನು ಬೋಧಿಸುವವರು ಉತ್ತರಿಸಲೇಬೇಕಾದ ಪ್ರಶ್ನೆ ಅದು. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಬಿದ್ದರೆ, ಗಿರಿಯ ಮೂಡಣ ಬಯಲಿಗೆ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು ದೊರೆಯುತ್ತದೆ. ತರೀಕೆರೆಯ ಪಶ್ಚಿಮ ಭಾಗದಲ್ಲಿ ಮಲೆನಾಡಿನ ಮಳೆ. ಅಜ್ಜಂಪುರ, ಕಡೂರುಗಳಲ್ಲಿ ಬಯಲುಸೀಮೆಯ ಬಿಸಿಲು. ಸುಮಾರು ೧,೯೩೦ ಮೀಟರ್ ಎತ್ತರದ ಮುಳ್ಳಯ್ಯನಗಿರಿಯೂ ಅದರ ಸೋದರ ಶಿಖರಗಳೂ ಪಡುವಣ ಗಾಳಿಯ ನೀರನ್ನು ಹಿಡಿದುಕೊಳ್ಳುತ್ತವೆ. ಆ ನೀರಿನ ಒಂದಂಶವು ಹಳ್ಳವಾಗಿ ಇಳಿದು ಅಯ್ಯನಕೆರೆಯಲ್ಲಿ ನಿಂತು, ಅಲ್ಲಿಂದ ವೇದಾ ಎಂಬ ಹೆಸರಿನಿಂದ ಹೊರಟು, ಆವತಿಯನ್ನು ಕೂಡಿಕೊಂಡು ವೇದಾವತಿಯಾಗಿ ಹಿರಿಯೂರಿನ ಕಡೆಗೆ ಹರಿಯುತ್ತದೆ. ಅಂದರೆ ಅಯ್ಯನಕೆರೆಯು ಮಳೆಯ ಮರೆಯಲ್ಲಿರುವ ನಾಡು ಗಿರಿಯಿಂದ ಪಡೆದುಕೊಂಡ ಕಡ. ಆ ಗಿರಿಗೆ ಕಡ ಕೊಡುವುದು ಸಮುದ್ರ.

ಆ ಸಮುದ್ರದ ಲೆಕ್ಕವನ್ನು ಓದಲು ತಮ್ಮ ಆಯುಷ್ಯವನ್ನು ಮುಡಿಪಾಗಿಟ್ಟು, ಅದರ ಬಹುಭಾಗವನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದವರು ಸುಲೋಚನಾ ಗಾಡ್ಗೀಳರು. ಅವರ ಜೀವನವನ್ನೂ ಸಂಶೋಧನೆಯ ಸಾರವನ್ನೂ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಯಮಾಡಿಕೊಡುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨. ಹಳೆಯ ಉತ್ತರಗಳು

ಮಾನ್ಸೂನ್ ಎಂಬ ಪದವು ಋತು ಎಂಬರ್ಥದ ಅರಬ್ಬೀ ಶಬ್ದದಿಂದ ಬಂದುದು. ಅರಬ್ಬೀ ಸಮುದ್ರದಲ್ಲಿ ಅರ್ಧ ವರ್ಷ ನೈಋತ್ಯದಿಂದಲೂ ಅರ್ಧ ವರ್ಷ ಈಶಾನ್ಯದಿಂದಲೂ ಗಾಳಿ ಬೀಸುವುದನ್ನು ನಾವಿಕರು ಪ್ರಾಚೀನ ಕಾಲದಿಂದಲೂ ಬಲ್ಲರು. ನಮ್ಮ ಪಡುವಣ ಕರಾವಳಿಯ ರೇವುಪಟ್ಟಣಗಳ ಏಳ್ಗೆಯೆಲ್ಲವೂ ಆ ಜ್ಞಾನವನ್ನೇ ಅವಲಂಬಿಸಿತ್ತು. ಗಾಳಿಯ ಕಾರಣವನ್ನು ಶಾಸ್ತ್ರೀಯವಾಗಿ ವಿವರಿಸಲು ೧೬೮೬ರಲ್ಲಿ ಯತ್ನಿಸಿದವನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. ಬೇಸಗೆಯಲ್ಲಿ ನೆಲವು ಸಮುದ್ರಕ್ಕಿಂತ ಹೆಚ್ಚು ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಆ ತೆರವನ್ನು ತುಂಬಲು ಸಮುದ್ರದ ತೇವಗಾಳಿ ಒಳನುಗ್ಗುತ್ತದೆ. ಎಂದರೆ ಮುಂಗಾರು ಒಂದು ಬೃಹತ್ತಾದ ಕಡಲಗಾಳಿ ಎಂಬುದು ಅವನ ಮತ. ಶಾಲೆಯ ಭೂಗೋಳದ ಪುಸ್ತಕಗಳಲ್ಲಿ ನಾವೆಲ್ಲರೂ ಓದಿದ ವಿವರಣೆ ಇದೇ.

ಈ ವಿಷಯವು ಪಂಡಿತರ ಕುತೂಹಲವಾಗಿ ಮಾತ್ರ ಉಳಿಯಲಿಲ್ಲ. ೧೮೭೬–೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಪಟ್ಟ ಪಾಡನ್ನು ಜನಗಣತಿಯ ಎರಡು ಅಂಕೆಗಳೇ ಹೇಳುತ್ತವೆ. ೧೮೭೧ರಲ್ಲಿ ೫೦,೫೫,೪೧೨ ಇದ್ದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು. ೧೮೭೫ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯ ಮುಂದೆ ಮಳೆಯನ್ನು ಮುಂಚಿತವಾಗಿ ಅರಿಯುವ ಪ್ರಶ್ನೆ ಇಂತಹ ಕ್ಷಾಮಗಳಿಂದಲೇ ಬಂದು ನಿಂತಿತು. ಮೊದಲ ಮುಖ್ಯಸ್ಥರಾದ ಬ್ಲಾನ್‌ಫರ್ಡರು ಹಿಮಾಲಯದ ಹಿಮದಲ್ಲಿ ಸೂಚನೆಯನ್ನು ಹುಡುಕಿದರು; ಮುಂದೆ ಗಿಲ್ಬರ್ಟ್ ವಾಕರರು ಜಗತ್ತಿನ ನಾನಾ ಕಡೆಯ ವಾಯುಭಾರದ ಅಂಕೆಗಳನ್ನು ತಾಳೆನೋಡಿ, ದೂರದ ಪೆಸಿಫಿಕ್ ಸಾಗರದ ಏರಿಳಿತಗಳಿಗೂ ನಮ್ಮ ಮುಂಗಾರಿಗೂ ಸಂಬಂಧವುಂಟೆಂದು ಕಂಡುಕೊಂಡರು. ಆದರೂ ಮೋಡಗಳು ಸಮುದ್ರದ ಮೇಲೆ ಹೇಗೆ ಹುಟ್ಟಿ ಹೇಗೆ ನೆಲಕ್ಕೆ ಬರುತ್ತವೆಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಕಾಣಲು ಆಕಾಶದಿಂದ ನೋಡುವ ಸಾಧನವು ಬೇಕಾಗಿತ್ತು. ಆ ಸಾಧನವು ತೋರಿಸಿದುದನ್ನು ತಾಳ್ಮೆಯಿಂದ ಓದುವವರೂ ಬೇಕಾಗಿದ್ದರು.

೩. ಬಾಲ್ಯ ಮತ್ತು ವ್ಯಾಸಂಗ

ಸುಲೋಚನಾ ಅವರು ೧೯೪೪ನೆಯ ಇಸವಿ ಜೂನ್ ೭ರಂದು ಪುಣೆಯಲ್ಲಿ ಜನಿಸಿದರು. ಅವರದು ವಿದ್ಯಾವಂತರ ಮನೆತನ, ತಂದೆ ವೈದ್ಯರು. ಬಾಲ್ಯದ ಕೆಲವು ವರ್ಷಗಳನ್ನು ಆಂಧ್ರದ ಋಷಿವ್ಯಾಲಿ ಶಾಲೆಯಲ್ಲಿ ಕಳೆದು, ಅನಂತರ ಪುಣೆಗೆ ಮರಳಿ, ಫರ್ಗ್ಯೂಸನ್ ಕಾಲೇಜಿನಲ್ಲಿ ವಿಜ್ಞಾನವನ್ನೂ ಮುಂದೆ ಪುಣೆ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನೂ ಅಭ್ಯಾಸಮಾಡಿದರು. ೧೯೬೫ರಲ್ಲಿ ಪತಿ ಮಾಧವ ಗಾಡ್ಗೀಳರೊಡನೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಪತಿಯದು ಜೀವಶಾಸ್ತ್ರ, ಪತ್ನಿಯದು ಅನ್ವಯಿಕ ಗಣಿತ. ಅಲ್ಲಿ ಅಲನ್ ರಾಬಿನ್ಸನ್ನರ ಮಾರ್ಗದರ್ಶನದಲ್ಲಿ ಸುಲೋಚನಾ ಅವರು ಆಯ್ದುಕೊಂಡ ವಿಷಯವೇ ಸಾಗರಪ್ರವಾಹಗಳ ಗತಿ. ಅಮೆರಿಕದ ಪೂರ್ವ ತೀರವನ್ನು ಬಿಟ್ಟು ಅಟ್ಲಾಂಟಿಕ್ ಸಾಗರದೊಳಕ್ಕೆ ಹೊರಡುವ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹವು ನದಿಯಂತೆ ಅಂಕುಡೊಂಕಾಗಿ ಹರಿಯುತ್ತದೆ. ಆ ಬಳುಕಿನ ಗಣಿತವನ್ನು ಕುರಿತ ಪ್ರಬಂಧಕ್ಕೆ ೧೯೭೦ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

ಆ ಕಾಲದಲ್ಲಿ ಸಮುದ್ರವಿಜ್ಞಾನದ ಬಾಗಿಲು ಸ್ತ್ರೀಯರಿಗೆ ಎಷ್ಟರಮಟ್ಟಿಗೆ ತೆರೆದಿತ್ತೆಂಬುದನ್ನು ಇಲ್ಲಿ ಸ್ವಲ್ಪ ಯೋಚಿಸಬೇಕು. ಅಮೆರಿಕದ ಮೇರಿ ಥಾರ್ಪರು ೧೯೫೦ರ ದಶಕದ ಆದಿಯಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಉದ್ದಕ್ಕೂ ಹಬ್ಬಿದ ಬಿರುಕು ಕಣಿವೆಯನ್ನು ಗುರುತಿಸಿದವರು. ಆದರೆ ಹಡಗಿನಲ್ಲಿ ಹೋಗಿ ಆಳವನ್ನು ಅಳೆಯಲು ಸ್ತ್ರೀಯೆಂಬ ಕಾರಣದಿಂದ ಅವರಿಗೆ ಅವಕಾಶವಿರಲಿಲ್ಲ. ಗಂಡಸರು ತಂದ ಅಂಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಅವರು ನಕಾಶೆಯನ್ನು ಬರೆದರು. ೧೯೬೦ರ ದಶಕದ ಉತ್ತರಾರ್ಧದವರೆಗೂ ಅವರ ಸ್ಥಿತಿ ಹೀಗೆಯೇ ಇತ್ತು. ನಮ್ಮ ದೇಶದಲ್ಲಿ, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಅದಿತಿ ಪಂತರು ೧೯೮೩ರಲ್ಲಿ ಹೊರಟ ಅಂಟಾರ್ಕ್ಟಿಕ ಯಾತ್ರೆಯಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತರೊಡನೆ ಸೇರಿ, ಆ ಹಿಮಖಂಡವನ್ನು ಮುಟ್ಟಿದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳೆನಿಸಿದರು. ಪಂತರದು ಹಡಗಿನ ದಾರಿ. ಸುಲೋಚನಾ ಅವರದು ಬಹುಮಟ್ಟಿಗೆ ಥಾರ್ಪರ ದಾರಿ: ಇತರರು ಸಂಗ್ರಹಿಸಿಟ್ಟ ದಾಖಲೆಗಳಲ್ಲಿ ಇತರರು ಕಾಣದುದನ್ನು ಕಾಣುವ ದಾರಿ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ಮಾರ್ಗವು ಅಪರಿಚಿತವಾದುದಲ್ಲ.

೧೯೭೧ರಲ್ಲಿ ದಂಪತಿಗಳು ಸ್ವದೇಶಕ್ಕೆ ಹಿಂದಿರುಗಿದರು. ವಿದೇಶದಲ್ಲಿ ನೆಲೆಸುವ ಅವಕಾಶವಿದ್ದ ವಿಜ್ಞಾನಿಗಳಿಗೆ ಇದು ಸಣ್ಣ ನಿರ್ಣಯವಲ್ಲ. ಗಲ್ಫ್ ಸ್ಟ್ರೀಮನ್ನು ಕುರಿತು ಪುಣೆಯಲ್ಲಿ ಕುಳಿತು ಬರೆಯಬಹುದಾಗಿತ್ತು. ಆದರೆ ಸುಲೋಚನಾ ಅವರು ಈ ದೇಶದ ಜನರ ಬಾಳಿಗೆ ಹತ್ತಿರವಾದ ಮುಂಗಾರನ್ನೇ ತಮ್ಮ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿದ್ದ ಎರಡು ವರ್ಷಗಳಲ್ಲಿ ಅನಂತಕೃಷ್ಣನ್, ಡಿ. ಆರ್. ಸಿಕ್ಕಾ ಮುಂತಾದ ಅನುಭವಿಗಳಿಂದ ಮಳೆಗಾಳಿಯ ವಿದ್ಯೆಯನ್ನು ಕಲಿತು, ೧೯೭೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸತೀಶ್ ಧವನ್ ಅವರು ಆಗ ಸಂಸ್ಥೆಯ ನಿರ್ದೇಶಕರಾಗಿದ್ದರು. ೧೯೮೨ರಲ್ಲಿ ಅಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರವೊಂದು ರೂಪುಗೊಂಡಾಗ ಅದನ್ನು ಕಟ್ಟಿಬೆಳೆಸಿದವರಲ್ಲಿ ಸುಲೋಚನಾ ಅವರೂ ಒಬ್ಬರು. ಕಾಲಕ್ರಮದಲ್ಲಿ ಆ ಕೇಂದ್ರದ ಹೆಸರಿಗೆ ಸಾಗರವೂ ಸೇರಿಕೊಂಡಿತು.

೪. ಮೋಡದ ಪಟ್ಟಿ

ಅವರ ಸಂಶೋಧನೆಯಲ್ಲಿ ಮೊದಲು ಗಮನಿಸತಕ್ಕದ್ದು ೧೯೮೦ರಲ್ಲಿ ಸಿಕ್ಕಾ ಅವರೊಡನೆ ಪ್ರಕಟಿಸಿದ ಪ್ರಬಂಧ. ೧೯೭೩ರಿಂದ ೧೯೭೭ರವರೆಗಿನ ಉಪಗ್ರಹಚಿತ್ರಗಳನ್ನು ದಿನದಿನವೂ ಪರಿಶೀಲಿಸಿ ಅವರಿಬ್ಬರೂ ಒಂದು ಸರಳವಾದ ಪ್ರಶ್ನೆಯನ್ನು ಕೇಳಿದರು: ಇಂದು ಮೋಡದ ದಟ್ಟಣೆ ಯಾವ ಅಕ್ಷಾಂಶದಲ್ಲಿದೆ? ಈ ಲೆಕ್ಕದಿಂದ ಎರಡು ಮೋಡಪಟ್ಟಿಗಳು ಸ್ಪಷ್ಟವಾಗಿ ಹೊರಬಿದ್ದವು. ಒಂದು ಭಾರತದ ನೆಲದ ಮೇಲೆ. ಇನ್ನೊಂದು ದಕ್ಷಿಣಕ್ಕೆ, ವಿಷುವದ್ರೇಖೆಯ ಬಳಿ ಹಿಂದೂ ಮಹಾಸಾಗರದ ಬೆಚ್ಚನೆಯ ನೀರಿನ ಮೇಲೆ. ಸಾಗರದ ಪಟ್ಟಿಯಿಂದ ಎರಡರಿಂದ ಆರು ವಾರಗಳಿಗೊಮ್ಮೆ ಮೋಡಗಳು ಉತ್ತರಾಭಿಮುಖವಾಗಿ ನಿಧಾನವಾಗಿ ಚಲಿಸಿ ನೆಲವನ್ನು ತಲಪುತ್ತವೆ. ಹಾಗೆ ಬಂದು ಪುಷ್ಟಿಗೊಳಿಸದಿದ್ದರೆ ನೆಲದ ಮೇಲಿನ ಪಟ್ಟಿಯು ಸುಮಾರು ಒಂದು ತಿಂಗಳಿಗಿಂತ ಹೆಚ್ಚುಕಾಲ ಉಳಿಯದು. ಆಷಾಢದ ನಡುವೆ ಮಳೆ ಕೈಕೊಟ್ಟು ಮತ್ತೆ ಹಿಡಿಯುವುದನ್ನು ನಮ್ಮ ರೈತರು ತಲೆಮಾರುಗಳಿಂದ ಬಲ್ಲರು. ಆ ಬಿಡುವು ಮುಗಿಯುವ ದಾರಿ ಸಾವಿರಾರು ಕಿಲೋಮೀಟರ್ ದೂರದ ಕಡಲಿನಲ್ಲಿ ತೊಡಗುವುದೆಂಬುದು ಹೊಸ ಸಂಗತಿ.

ಎರಡನೆಯದಾಗಿ, ಹ್ಯಾಲಿಯ ಹಳೆಯ ವಿವರಣೆಯು ಈ ಚಿತ್ರಗಳ ಮುಂದೆ ನಿಲ್ಲಲಿಲ್ಲ. ನೆಲ ಕಾದಷ್ಟೂ ಮಳೆ ಹೆಚ್ಚಾಗುವುದಾದರೆ, ಬರಗಾಲದ ವರ್ಷಗಳಲ್ಲಿ ನೆಲವು ತಂಪಾಗಿರಬೇಕಾಗಿತ್ತು. ವಾಸ್ತವದಲ್ಲಿ ಬರಗಾಲದಲ್ಲಿಯೇ ನೆಲವು ಹೆಚ್ಚು ಕಾದಿರುತ್ತದೆ. ಹವಾಮಾನಶಾಸ್ತ್ರಜ್ಞ ಸಿಂಪ್ಸನ್ನರು ೧೯೨೧ರಲ್ಲಿಯೇ ಈ ಆಕ್ಷೇಪವನ್ನು ಎತ್ತಿದ್ದರೂ ಪಠ್ಯಪುಸ್ತಕಗಳು ಬದಲಾಗಿರಲಿಲ್ಲ. ಉತ್ತರ ಮತ್ತು ದಕ್ಷಿಣ ಗೋಲಾರ್ಧಗಳ ವಾಣಿಜ್ಯ ಮಾರುತಗಳು ಕೂಡುವೆಡೆಯಲ್ಲಿ ಭೂಮಿಯನ್ನು ಬಳಸಿರುವ ಮೋಡದ ಪಟ್ಟಿಯೊಂದುಂಟು. ಸೂರ್ಯನನ್ನು ಅನುಸರಿಸಿ ಅದು ಬೇಸಗೆಯಲ್ಲಿ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬಂದು ನಿಲ್ಲುವುದೇ ಮುಂಗಾರು ಎಂಬ ಪಕ್ಷವನ್ನು ಸುಲೋಚನಾ ಅವರು ಆಧಾರಸಹಿತವಾಗಿ ಸ್ಥಾಪಿಸಿದರು. ಮುಂಗಾರು ನಮ್ಮ ದೇಶಕ್ಕೆ ಮಾತ್ರ ವಿಶಿಷ್ಟವಾದ ಕಡಲಗಾಳಿಯಲ್ಲ. ಅದು ಇಡೀ ಭೂಮಂಡಲದ ವ್ಯವಸ್ಥೆಯೊಂದರ ಭಾಗ.

ಮೂರನೆಯದಾಗಿ, ಸಮುದ್ರವು ಎಷ್ಟು ಬೆಚ್ಚಗಿದ್ದರೆ ಮೋಡಗಳು ಎತ್ತರಕ್ಕೆ ಬೆಳೆಯಬಲ್ಲವು? ೧೯೮೪ರಲ್ಲಿ ಪಿ. ವಿ. ಜೋಸೆಫ್ ಮತ್ತು ಎನ್. ವಿ. ಜೋಶಿ ಅವರೊಡನೆ ಸೇರಿ ಬರೆದ ಪ್ರಬಂಧದಲ್ಲಿ ಸುಲೋಚನಾ ಅವರು ಇದಕ್ಕೆ ಉತ್ತರ ಕೊಟ್ಟರು. ಸಮುದ್ರದ ಮೇಲ್ಮೈಯ ಉಷ್ಣತೆ ಸುಮಾರು ೨೮ ಡಿಗ್ರಿ ಸೆಲ್ಸಿಯಸ್ ದಾಟದೆ ಮಳೆಮೋಡಗಳ ದೊಡ್ಡ ಸಮೂಹವು ಏಳುವುದು ವಿರಳ. ದಾಟಿದ ಮಾತ್ರಕ್ಕೆ ಎದ್ದೇತೀರುವುದೆಂಬ ನಿಯಮವೂ ಇಲ್ಲ. ನಮ್ಮ ಸುತ್ತಲಿನ ಕಡಲುಗಳ ಉಷ್ಣತೆ ಮುಂಗಾರಿನ ಕಾಲದಲ್ಲಿ ಈ ಗೆರೆಯ ಆಸುಪಾಸಿನಲ್ಲಿಯೇ ಇರುವುದರಿಂದ ಅದರ ಮಹತ್ತ್ವವು ಸ್ಪಷ್ಟವಾಗಿದೆ. ಇದನ್ನೆಲ್ಲ ಕಡಲಿನ ಮೇಲೆಯೇ ಅಳೆದುನೋಡುವ ಕೆಲಸವು ೧೯೯೯ರ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ನಡೆಯಿತು. ‘ಸಾಗರಕನ್ಯಾ’ ಮತ್ತು ‘ಸಾಗರಧ್ವನಿ’ ಎಂಬ ಹಡಗುಗಳಿಂದ ನಡೆದ ಆ ಪ್ರಯೋಗದ ಪ್ರೇರಕರಲ್ಲಿ ಅವರೂ ಇದ್ದರು.

ಕಡೆಯದಾಗಿ ೧೯೯೭ ಮತ್ತು ೨೦೦೨ರ ಒಗಟು. ಪೆಸಿಫಿಕ್ ಸಾಗರದ ಪೂರ್ವಭಾಗವು ಅಸಹಜವಾಗಿ ಕಾಯುವ ಎಲ್ ನಿನೊ ಸ್ಥಿತಿಯಲ್ಲಿ ನಮ್ಮಲ್ಲಿ ಬರವನ್ನು ನಿರೀಕ್ಷಿಸುವುದು ವಾಡಿಕೆ. ೧೯೯೭ರಲ್ಲಿ ಎಲ್ ನಿನೊ ಅತಿಪ್ರಬಲವಾಗಿದ್ದರೂ ದೇಶದ ಮುಂಗಾರು ಮಳೆ ವಾಡಿಕೆಗಿಂತ ತುಸು ಹೆಚ್ಚಾಗಿಯೇ ಆಯಿತು. ೨೦೦೨ರಲ್ಲಿ ಅದು ಅಷ್ಟು ಪ್ರಬಲವಲ್ಲದಿದ್ದರೂ ಮಳೆಯು ಸುಮಾರು ಶೇಕಡ ೧೯ರಷ್ಟು ಕುಸಿದು ಭೀಕರ ಬರ ಬಂದಿತು. ೨೦೦೪ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ಸುಲೋಚನಾ ಅವರು ತೋರಿಸಿದುದಿಷ್ಟು: ವಿಷುವದ್ರೇಖೆಯ ಹಿಂದೂ ಮಹಾಸಾಗರದಲ್ಲಿಯೂ ತಕ್ಕಡಿಯಂತಹ ಒಂದು ಆಂದೋಲನವಿದೆ. ಮೋಡಗಳು ಆಫ್ರಿಕದ ಕಡೆಗೆ ಹೆಚ್ಚಿ ಸುಮಾತ್ರದ ಕಡೆಗೆ ತಗ್ಗಿದರೆ ನಮ್ಮ ಮುಂಗಾರಿಗೆ ಅನುಕೂಲ. ಅದಕ್ಕೆ ವಿಪರೀತವಾದರೆ ಪ್ರತಿಕೂಲ. ೧೯೯೭ರಲ್ಲಿ ಈ ತಕ್ಕಡಿಯು ನಮ್ಮ ಕಡೆಗೆ ವಾಲಿತ್ತು, ೨೦೦೨ರಲ್ಲಿ ಎದುರಿಗೆ. ನೆರೆಯ ಸಾಗರವನ್ನು ಬಿಟ್ಟು ದೂರದ ಸಾಗರವೊಂದನ್ನೇ ನೋಡುತ್ತಿದ್ದವರಿಗೆ ಒಗಟಾಗಿ ಕಂಡುದು ಎರಡನ್ನೂ ಕೂಡಿಸಿ ನೋಡಿದಾಗ ಬಿಡಿಸಿಕೊಂಡಿತು.

೫. ಪಾವಗಡದ ಹೊಲದಲ್ಲಿ

ಇಷ್ಟರಿಂದಲೇ ವಿಜ್ಞಾನಿಯೊಬ್ಬರು ತೃಪ್ತರಾಗಬಹುದಾಗಿತ್ತು. ಆದರೆ ಮುಂಗಾರನ್ನು ತಿಳಿದುಕೊಂಡ ಮೇಲೆ ಅದರಿಂದ ರೈತನಿಗಾಗುವ ಪ್ರಯೋಜನವೇನು ಎಂಬುದು ಸುಲೋಚನಾ ಅವರನ್ನು ಕಾಡಿದ ಪ್ರಶ್ನೆ. ಅವರು ತಮ್ಮ ಗಮನವನ್ನು ಪಾವಗಡ–ಅನಂತಪುರದ ಒಣಸೀಮೆಗೆ ಹರಿಸಿದರು. ಆ ಸೀಮೆಯಲ್ಲಿ ಬೇಸಾಯವನ್ನೂ ವಿಜ್ಞಾನವನ್ನೂ ಜೊತೆಗೂಡಿಸಿದ್ದ ಪಿ. ಆರ್. ಶೇಷಗಿರಿರಾಯರು ಈ ಕಾರ್ಯದಲ್ಲಿ ಅವರ ಮುಖ್ಯ ಸಹಾಯಕರಾದರು.

ಅಲ್ಲಿ ಕಂಡುಬಂದ ಸಂಗತಿಯು ಇತಿಹಾಸಕಾರರು ಮನಸ್ಸಿಟ್ಟು ನೋಡಬೇಕಾದುದು. ಕಿರುಧಾನ್ಯ, ದ್ವಿದಳಧಾನ್ಯಗಳನ್ನು ಕೂಡಿಸಿ ಬೆಳೆಯುವ ಹಳೆಯ ಮಿಶ್ರಬೇಸಾಯವು ಶತಮಾನಗಳ ಮಳೆಯ ಅನುಭವದಿಂದ ರೂಪುಗೊಂಡಿತ್ತು. ಯಾವ ಮಳೆಗೆ ಏನನ್ನು ಬಿತ್ತಬೇಕು, ಆರಿದ್ರೆ ತಪ್ಪಿದರೆ ಮುಂದೇನು ಎಂಬುದಕ್ಕೆ ಹಿರಿಯರಲ್ಲಿ ಉತ್ತರವಿತ್ತು. ೧೯೭೦ರ ದಶಕದಿಂದೀಚೆಗೆ ಕಡಲೆಕಾಯಿ ಒಂದೇ ಹೊಲಗಳನ್ನೆಲ್ಲ ಆವರಿಸಿತು. ಹೊಸ ಬೆಳೆಯೂ ಹೊಸ ತಳಿಯೂ ಬಂದವು. ಆದರೆ ಅವುಗಳಿಗೆ ತಕ್ಕ ಹಳೆಯ ತಿಳಿವಳಿಕೆ ಎಲ್ಲಿಂದ ಬರಬೇಕು? ಹಿರಿಯರ ಜ್ಞಾನವು ಸುಳ್ಳಾಗಲಿಲ್ಲ; ಅದು ಉತ್ತರಿಸುತ್ತಿದ್ದ ಪ್ರಶ್ನೆಯೇ ಬದಲಾಯಿತು. ಹೊಸ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವಷ್ಟು ತಲೆಮಾರುಗಳು ರೈತನ ಕೈಯಲ್ಲಿರಲಿಲ್ಲ.

ಈ ತೆರವನ್ನು ತುಂಬಲು ಸುಲೋಚನಾ ಅವರ ತಂಡವು ಹಲವು ದಶಕಗಳ ಮಳೆಯ ದಾಖಲೆಗಳನ್ನು ತೆಗೆದುಕೊಂಡು, ಕಡಲೆಕಾಯಿ ಗಿಡದ ಬೆಳವಣಿಗೆಯನ್ನು ಲೆಕ್ಕಹಾಕುವ ಗಣಿತದ ಮಾದರಿಯೊಂದಕ್ಕೆ ಉಣಿಸಿತು. ಇಂತಹ ವರ್ಷದಲ್ಲಿ ಇಂತಹ ದಿನ ಬಿತ್ತಿದ್ದರೆ ಎಷ್ಟು ಫಸಲು ಬರುತ್ತಿತ್ತು ಎಂದು ವರ್ಷವರ್ಷಕ್ಕೂ ಕೇಳಿತು. ಜೂನ್ ಕಡೆಯ ಮಳೆಗೇ ಅವಸರದಿಂದ ಬಿತ್ತಿದರೆ, ಕಾಯಿಕಟ್ಟಿ ಬಲಿಯುವ ಕಾಲವು ಒಣಹವೆಗೆ ಸಿಕ್ಕಿ ಬೆಳೆ ಕೆಡುವ ಸಂಭವ ಹೆಚ್ಚು; ಜುಲೈ ಮಧ್ಯದ ಅನಂತರ ಹದವಾದಾಗ ಬಿತ್ತಿದರೆ ಅಪಾಯ ಕಡಿಮೆ ಎಂಬುದು ಆ ಲೆಕ್ಕದ ಸಾರ. ಇಲ್ಲಿ ಯಾವ ಭವಿಷ್ಯವಾಣಿಯೂ ಇಲ್ಲ. ಮುಂದಿನ ವರ್ಷ ಮಳೆ ಹೇಗಾಗುವುದೆಂದು ಹೇಳಲಾಗದಿದ್ದರೂ, ಹಿಂದಿನ ವರ್ಷಗಳು ಹೇಗಿದ್ದುವೆಂಬುದನ್ನು ಚೆನ್ನಾಗಿ ಓದಿದರೆ ರೈತನಿಗೆ ಆಸರೆ ದೊರೆಯುತ್ತದೆ. ವಿಜ್ಞಾನಿಯು ತನಗೆ ತಿಳಿದುದನ್ನು ಉಪದೇಶಿಸುವ ಮೊದಲು, ರೈತನು ನಿಜವಾಗಿ ತೆಗೆದುಕೊಳ್ಳಬೇಕಾದ ನಿರ್ಣಯಗಳು ಯಾವುವೆಂದು ರೈತನನ್ನೇ ಕೇಳಬೇಕೆಂಬುದು ಈ ಕಾರ್ಯದ ತಳಹದಿಯಾಗಿತ್ತು.

ಮಳೆಯು ರೈತನೊಬ್ಬನ ಚಿಂತೆ ಮಾತ್ರವಲ್ಲವೆಂಬುದನ್ನೂ ಅವರು ಅಂಕೆಗಳಿಂದ ತೋರಿಸಿದರು. ಸಿದ್ಧಾರ್ಥ ಗಾಡ್ಗೀಳರೊಡನೆ ಸೇರಿ ೨೦೦೬ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ರಾಷ್ಟ್ರೀಯ ಉತ್ಪನ್ನದಲ್ಲಿ ಬೇಸಾಯದ ಪಾಲು ಬಹಳವಾಗಿ ತಗ್ಗಿದ್ದರೂ, ತೀವ್ರವಾದ ಬರಗಾಲದಿಂದಾಗುವ ನಷ್ಟವು ಆ ಉತ್ಪನ್ನದ ಶೇಕಡ ೨ರಿಂದ ೫ರಷ್ಟಾಗಿಯೇ ಉಳಿದುಬಂದಿದೆ. ಇನ್ನೂ ಚಿಂತಿಸತಕ್ಕ ಅಂಶವೆಂದರೆ, ೧೯೮೦ರಿಂದೀಚೆಗೆ ಮಳೆ ಕಡಿಮೆಯಾದಾಗ ಆಗುವ ನಷ್ಟದಷ್ಟು ಲಾಭವು ಮಳೆ ಹೆಚ್ಚಾದಾಗ ಬರುತ್ತಿಲ್ಲ. ಒಳ್ಳೆಯ ವರ್ಷವನ್ನು ಬಳಸಿಕೊಳ್ಳುವ ಕಲೆಯನ್ನು ನಾವು ಇನ್ನೂ ಕಲಿಯಬೇಕಾಗಿದೆ.

೬. ಇತಿಹಾಸಕಾರರಿಗೆ ಇದರಿಂದೇನು?

ಸುಲೋಚನಾ ಗಾಡ್ಗೀಳರು ೨೦೨೫ರ ಜುಲೈ ತಿಂಗಳಿನಲ್ಲಿ, ಮುಂಗಾರು ನಡೆಯುತ್ತಿದ್ದಾಗಲೇ, ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತೊಂದು ವರ್ಷ. ಅವರ ಪತಿ ಮಾಧವ ಗಾಡ್ಗೀಳರು ಪಶ್ಚಿಮಘಟ್ಟಗಳ ಪರಿಸರವನ್ನು ಕುರಿತ ತಜ್ಞರ ಸಮಿತಿಯ ಅಧ್ಯಕ್ಷರಾಗಿ ನಾಡಿಗೆ ಪರಿಚಿತರಾದವರು. ಒಬ್ಬರು ಮೋಡವನ್ನು ಕಳುಹಿಸುವ ಕಡಲನ್ನೂ ಇನ್ನೊಬ್ಬರು ಮೋಡವನ್ನು ತಡೆದು ನಿಲ್ಲಿಸುವ ಗಿರಿಯನ್ನೂ ಅಧ್ಯಯನಮಾಡಿದರು. ಇವೆರಡರ ನಡುವೆಯೇ ನಮ್ಮ ಅಯ್ಯನಕೆರೆಯ ಭಾಗ್ಯವು ನಿರ್ಣಯವಾಗುತ್ತದೆ.

ಈ ಜೀವನದಿಂದ ನಮ್ಮ ವಿಭಾಗವು ಕಲಿಯಬಹುದಾದ ಪಾಠವೊಂದುಂಟು. ನಾವು ಶಾಸನವನ್ನು ಓದುತ್ತೇವೆ; ದಾನ ಕೊಟ್ಟವನ ವಂಶವನ್ನೂ ದಾನದ ತಿಥಿಯನ್ನೂ ನಿರ್ಧರಿಸುತ್ತೇವೆ. ಕೆರೆ ಒಡೆದುದನ್ನು, ಕಟ್ಟಿದುದನ್ನು ಅರಸರ ಸಾಧನೆಯ ಅಥವಾ ಉಪೇಕ್ಷೆಯ ಕಥೆಯಾಗಿ ಬರೆಯುತ್ತೇವೆ. ಅರಸನ ಉಪೇಕ್ಷೆಯಿಂದ ಬತ್ತಿತೆಂದು ನಾವು ಬರೆದ ಕೆರೆಯು ಸಮುದ್ರದ ತಕ್ಕಡಿ ಎದುರು ವಾಲಿದ್ದರಿಂದ ಬತ್ತಿರಲಾರದೇ? ಹಾಗೆಂದು ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿ ಮನುಷ್ಯರನ್ನು ಹೊಣೆಯಿಂದ ಬಿಡಿಸುವುದೂ ಸಲ್ಲದು. ೧೮೭೬–೭೮ರಲ್ಲಿ ಮಳೆ ತಪ್ಪಿದುದು ಪ್ರಕೃತಿಯಿಂದ. ಅಷ್ಟು ಜನ ಸತ್ತುದಕ್ಕೆ ಕಾರಣಗಳನ್ನು ಧಾನ್ಯದ ಬೆಲೆಯಲ್ಲಿಯೂ ಸಾಗಣೆಯಲ್ಲಿಯೂ ಆಡಳಿತದಲ್ಲಿಯೂ ಹುಡುಕಬೇಕು. ಎರಡನ್ನೂ ಬೇರ್ಪಡಿಸಿ ತೂಗಬೇಕಾದರೆ ಮಳೆಯ ಲೆಕ್ಕವು ಮೊದಲು ಕೈಯಲ್ಲಿರಬೇಕು.

ಆ ಲೆಕ್ಕವನ್ನು ಬರೆದಿಟ್ಟವರು ಪ್ರಸಿದ್ಧರೇನಲ್ಲ. ತಾಲ್ಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕದ ನೀರನ್ನು ಪ್ರತಿದಿನ ಬೆಳಗ್ಗೆ ಅಳೆದು ರಿಜಿಸ್ಟರಿನಲ್ಲಿ ಬರೆದ ಗುಮಾಸ್ತರು ಅವರು. ಅವರ ಆ ಸಾಲುಗಳು ಇಲ್ಲದಿದ್ದರೆ ಪಾವಗಡದ ಲೆಕ್ಕವು ಹುಟ್ಟುತ್ತಿರಲಿಲ್ಲ. ಅಂತಹ ರಿಜಿಸ್ಟರುಗಳೂ ಕೆರೆಯ ದುರಸ್ತಿಯ ಕಡತಗಳೂ ಶಾಸನದಷ್ಟೇ ಆದರಕ್ಕೆ ಅರ್ಹವಾದ ಆಕರಗಳೆಂದು ಎಣಿಸಿ, ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕಿನಲ್ಲಿ ಅವುಗಳನ್ನು ಹುಡುಕಿ ಪ್ರತಿಮಾಡಿಕೊಳ್ಳಬೇಕೆಂದು ನಾವು ಕೋರುತ್ತೇವೆ. ಕಾಗದವು ಕಲ್ಲಿನಷ್ಟು ಕಾಲ ಬಾಳುವುದಿಲ್ಲ. ಗೆದ್ದಲಿಗೆ ನಮ್ಮ ಶಾಸ್ತ್ರದ ಪರಿವೆಯಿಲ್ಲ.

ಏರಿಯ ಮೇಲೆ ಆ ವಿದ್ಯಾರ್ಥಿಯು ಕೇಳಿದ ಪ್ರಶ್ನೆಗೆ ಈಗ ನಮ್ಮಲ್ಲಿ ಒಂದು ಉತ್ತರವಿದೆ. ಅದು ಪೂರ್ಣವಾದುದಲ್ಲ, ಮುಂಗಾರನ್ನು ಪೂರ್ಣವಾಗಿ ಬಲ್ಲೆವೆಂದು ಅದನ್ನು ಬಲ್ಲವರು ಯಾರೂ ಹೇಳುವುದಿಲ್ಲ. ಮುಂದಿನ ಸಲ ಸಖರಾಯಪಟ್ಟಣಕ್ಕೆ ಹೋದಾಗ ನಮ್ಮ ಪಾಠವು ರುಕ್ಮಾಂಗದರಾಯನಿಂದ ಅಲ್ಲ, ವಿಷುವದ್ರೇಖೆಯ ಬಳಿಯ ಬೆಚ್ಚನೆಯ ಕಡಲಿನಿಂದ ಆರಂಭವಾಗುವುದು. ಅಲ್ಲಿಂದ ಗಿರಿಗೆ, ಗಿರಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗ, ಕೆರೆಯಿಂದ ಅದನ್ನು ಕಟ್ಟಿಸಿ ಕಾಪಾಡಿದ ಜನರಿಗೆ ಬಂದು ಸೇರುವುದು.